ಹೊಳೆಯ ಊರು, ಕೆರೆಯ ಊರು

ನೆಲೆಸುವುದಕ್ಕೆಂದು ಒಂದು ಊರನ್ನು ಆರಿಸಿಕೊಳ್ಳುವ ಅವಕಾಶ ನಮ್ಮ ಹಿರಿಯರಲ್ಲಿ ಬಹುಮಂದಿಗೆ ಇರಲಿಲ್ಲ. ಗಂಡಸಿಗೆ ಹುಟ್ಟಿದ ಊರೇ ಊರು, ಹೆಂಗಸಿಗೆ ಕೊಟ್ಟ ಊರೇ ಊರು. ಮಳೆ ಹೋಗಿ ಗುಳೆ ಎದ್ದಾಗ ಅವರು ಊರು ಬಿಟ್ಟದ್ದುಂಟು. ಆಗಲೂ ಎಲ್ಲಿ ಕೂಳು ಸಿಕ್ಕೀತೋ ಅಲ್ಲಿಗೆ ಹೋದರೇ ಹೊರತು ಎಲ್ಲಿದ್ದರೆ ಚೆನ್ನ ಎಂದು ಕುಳಿತು ಯೋಚಿಸಲಿಲ್ಲ. ಸಂಬಳದ ಕೆಲಸ ಹಿಡಿದ ನಮ್ಮಂಥವರಿಗೆ ಆ ಯೋಚನೆ ತಪ್ಪದು. ಮೂವತ್ತು ವರ್ಷ ವರ್ಗವಾದ ಕಡೆಗೆಲ್ಲ ಪಾತ್ರೆ ಪಗಡ ಕಟ್ಟಿಕೊಂಡು ಹೋಗಿ, ಬಾಡಿಗೆಯ ಮನೆಗಳಲ್ಲಿ ಮಕ್ಕಳನ್ನು ಬೆಳೆಸಿ, ನಿವೃತ್ತಿಯ ವರ್ಷ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ, ಇನ್ನು ಎಲ್ಲಿ ಇರುವುದು ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ನಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ವೇತನದ ಮಾತು ಬಿಟ್ಟರೆ ಹೆಚ್ಚಾಗಿ ಚರ್ಚೆಗೆ ಬರತಕ್ಕ ವಿಷಯ ಇದೇ.

ನಮ್ಮಲ್ಲಿ ಗಣಿತ ಹೇಳಿಕೊಡುವವರೊಬ್ಬರು ಹೊನ್ನಾವರದ ಕಡೆಯವರು. ಅವರ ಮುಂದಿರುವ ಆಯ್ಕೆ ಕಡಲತೀರಕ್ಕೂ ಒಳನಾಡಿಗೂ ನಡುವಣದು. ಉಪ್ಪುಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿದು ಉದುರುವುದನ್ನೂ, ಆಷಾಢದಲ್ಲಿ ಹರವಿದ ಬಟ್ಟೆ ಮೂರು ದಿನವಾದರೂ ಒಣಗದಿರುವುದನ್ನೂ ಅವರೇ ನಮಗೆ ವರ್ಣಿಸುತ್ತಾರೆ. ವರ್ಣಿಸಿ ಮುಗಿಸಿ, "ಆದರೂ ರಾತ್ರಿ ಅಲೆಯ ಸದ್ದು ಕೇಳದಿದ್ದರೆ ನಿದ್ದೆ ಬರೋದಿಲ್ಲ ಮಾರಾಯ್ರೇ" ಎನ್ನುತ್ತಾರೆ. ಇಪ್ಪತ್ತು ವರ್ಷ ದಾವಣಗೆರೆಯಲ್ಲಿ ಹೇಗೆ ನಿದ್ದೆ ಮಾಡಿದರೋ ತಿಳಿಯದು.

ನಮ್ಮ ಸೀಮೆಗೆ ಕಡಲಿಲ್ಲ. ಆದರೆ ಅದೇ ಬಗೆಯ ಆಯ್ಕೆ ಸ್ವಲ್ಪ ಕಿರಿದಾದ ರೂಪದಲ್ಲಿ ನಮಗೂ ಇದೆ. ತುಂಗಭದ್ರೆಯ ದಂಡೆಗೆ ಹರಿಹರ. ಅಲ್ಲಿಂದ ಸುಮಾರು 14 ಕಿಲೋಮೀಟರು ಈಚೆಗೆ, ಹೊಳೆಯ ಸುಳಿವೇ ಇಲ್ಲದ ಬಯಲಿನಲ್ಲಿ ದಾವಣಗೆರೆ. ಒಂದೇ ಹೆದ್ದಾರಿ, ಒಂದೇ ರೈಲು ಹಾದಿ, ಒಂದೇ ಜಿಲ್ಲೆ. ಈ ಊರಿನಲ್ಲಿ ಮನೆ ಮಾಡಿ ಆ ಊರಿನಲ್ಲಿ ಕೆಲಸ ಮಾಡುವವರು ಸಾವಿರಾರು ಮಂದಿ. ಹಾಗಿದ್ದರೆ ಎಲ್ಲಿದ್ದರೇನು ಎಂದು ನೀವು ಕೇಳಬಹುದು. ಎರಡು ಊರುಗಳಲ್ಲಿಯೂ ಪಾಠ ಹೇಳಿ, ಎರಡು ಊರುಗಳ ನೀರನ್ನೂ ಕುಡಿದವನಾದ್ದರಿಂದ, ಹಾಗೆ ಕೇಳಿ ಬಿಡುವಷ್ಟು ಸುಲಭವಲ್ಲ ಎಂದು ಹೇಳಬಲ್ಲೆ.

ಮೊದಲು ಹೆಸರುಗಳನ್ನು ನೋಡಿ. ದಾವಣ ಮತ್ತು ಕೆರೆ ಸೇರಿ ದಾವಣಗೆರೆ; ಕಕಾರಕ್ಕೆ ಗಕಾರ ಬಂದಿದೆ, ಆದೇಶಸಂಧಿ. ಕುದುರೆಗಳನ್ನು ಸಾಲಾಗಿ ಕಟ್ಟುವ ಹಗ್ಗಕ್ಕೆ ದಾವಣಿ ಎಂದು ಹೆಸರು. ದಂಡಿನ ಕುದುರೆಗಳನ್ನು ಕೆರೆಯ ಬಳಿ ಹಾಗೆ ಕಟ್ಟುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಅದು ಹೇಗೇ ಇರಲಿ, ಹೊಳೆಯಿಲ್ಲದ ಊರು ಕೆರೆಯ ಹೆಸರನ್ನು ಹೊತ್ತುಕೊಂಡಿದೆ. ಹರಿಹರವೆಂಬುದಾದರೋ ದ್ವಂದ್ವಸಮಾಸ. ಗುಹನೆಂಬ ಅಸುರನು ಹರಿಯಿಂದಲೂ ಹರನಿಂದಲೂ ತನಗೆ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದಿದ್ದನಂತೆ. ಇಬ್ಬರೂ ಒಂದೇ ದೇಹದಲ್ಲಿ ಬಂದು ಅವನನ್ನು ಕೊಂದರಂತೆ. ಗುಡಿಯಲ್ಲಿರುವ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. (ಪ್ರತಿವರ್ಷವೂ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ರಗಳೆಗಳ ಹರಿಹರ ಕವಿಯ ಊರು ಹರಿಹರವೆಂದು ಉತ್ತರ ಬರೆಯುತ್ತಾರೆ. ಆ ಮಹಾಕವಿ ಹಂಪೆಯವನು. ತುಂಗಭದ್ರೆಯ ನೀರು ಕುಡಿದವನು ಎಂಬಷ್ಟು ಮಟ್ಟಿಗೆ ಅವರ ಉತ್ತರಕ್ಕೆ ಅರ್ಧ ಅಂಕ ಕೊಡಬಹುದೇನೋ.) ಶಾಸನಗಳಲ್ಲಿ ಈ ಊರಿಗೆ ಕೂಡಲೂರು ಎಂಬ ಹೆಸರೂ ಇದೆ. ಸೂಳೆಕೆರೆಯಿಂದ ಇಳಿದುಬರುವ ಹರಿದ್ರೆ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಗುಡಿ ಅದು. ಒಳಗೆ ತಿರುಗಣೆಗೆ ಹಚ್ಚಿ ಕಡೆದ ಕಂಬಗಳಿವೆ. ಮುಖ ಕಾಣುವಷ್ಟು ನುಣುಪು. ಏಳುನೂರು ವರ್ಷಗಳ ಮೇಲೆ, 1941ರಲ್ಲಿ, ಅದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ ಲೋಹವನ್ನು ಕಡೆಯುವ ಲೇತ್ ಯಂತ್ರಗಳನ್ನು ಮಾಡತೊಡಗಿತು. ಇದು ಕಾಕತಾಳೀಯವೆಂದು ನಾನು ಬಲ್ಲೆ. ಆದರೂ ಹೇಳದೆ ಇರಲಾರೆ.

ಹರಿಹರ ಗಡಿಯ ಊರೂ ಆಗಿತ್ತು. 1956ರ ನವೆಂಬರ್ 1ರವರೆಗೆ ಹೊಳೆಯ ಈಚೆಯದು ಮೈಸೂರು ಸಂಸ್ಥಾನ, ಆಚೆಯದು ಮುಂಬಯಿ ಸರ್ಕಾರದ ಧಾರವಾಡ ಜಿಲ್ಲೆ. ಮದುವೆ ಮುಂಜಿಗಳೆಲ್ಲ ಎರಡು ದಡಗಳ ನಡುವೆ ನಡೆಯುತ್ತಿದ್ದವು. ಕಂದಾಯ ಮಾತ್ರ ಎರಡು ಬೇರೆ ಬೊಕ್ಕಸಗಳಿಗೆ. 1868ರಲ್ಲಿ ಕಟ್ಟಿ ಮುಗಿದ ಕಮಾನುಗಳ ಸೇತುವೆ ಇಬ್ಬರಿಗೂ ಬಳಕೆಗೆ ಬಂತು. ಇಂದಿಗೂ ಹರಿಹರದವರ ಮಾತಿನಲ್ಲಿ ಧಾರವಾಡದ ಗಾಳಿ ದಾವಣಗೆರೆಗಿಂತ ಒಂದು ಗುಕ್ಕು ಹೆಚ್ಚು ಬೀಸುತ್ತದೆ.

ದಾವಣಗೆರೆಯ ಚರಿತ್ರೆಯಲ್ಲಿ ಇಂಥ ಪುರಾತನತೆಯನ್ನು ಹುಡುಕಬೇಡಿ. ಅದು ಹೊಸ ಹಣದ ಊರು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯು ಆಪೋಜಿ ರಾಮನೆಂಬ ಮರಾಠ ಸರದಾರನಿಗೆ ಇದನ್ನು ಜಹಗೀರಾಗಿ ಕೊಟ್ಟನು. ಆತನು ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದನು. ಅಂದು ಹಿಡಿದ ತಕ್ಕಡಿಯನ್ನು ಊರು ಇಂದಿಗೂ ಕೆಳಗಿಟ್ಟಿಲ್ಲ. ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆಗಳಲ್ಲಿ ಒಮ್ಮೆ ನಡೆದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ. ಹತ್ತಿಯ ಮಾರುಕಟ್ಟೆಯಾಗಿ ಬೆಳೆದು, ಬಟ್ಟೆಯ ಗಿರಣಿಗಳನ್ನು ಕಟ್ಟಿಕೊಂಡು, ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಊರು ಮುಚ್ಚಲಿಲ್ಲ. ಅಷ್ಟರಲ್ಲಿ ಅದು ಕಾಲೇಜುಗಳ ಊರಾಗಿತ್ತು. 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ. ಹತ್ತಿ ಮಾರಿದ ಅಂಗಡಿಗಳ ಮುಂದೆ ಈಗ ಮೆಕ್ಕೆಜೋಳದ ಲಾರಿಗಳು ನಿಲ್ಲುತ್ತವೆ. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ನಿಂತಾಗ ಆ ಊರಿಗೆ ಹಾಗೆ ಕೈಹಿಡಿಯುವ ಎರಡನೆಯ ಕಸುಬು ಇರಲಿಲ್ಲ. ನುರಿತ ಕೈಗಳ ಎಷ್ಟೋ ಕುಟುಂಬಗಳು ಬೆಂಗಳೂರಿಗೂ ಪುಣೆಗೂ ಹೋದವು. ಮನೆ ಬಾಡಿಗೆ ಇಂದಿಗೂ ಹರಿಹರದಲ್ಲಿ ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ವಾಸಯೋಗ್ಯವಾದ ಊರಿನ ಲಕ್ಷಣಗಳನ್ನು ಹಳೆಯ ನೀತಿಕಾರರು ಹೇಳಿಟ್ಟಿದ್ದಾರೆ. ಚಾಣಕ್ಯನ ಹೆಸರಿನಲ್ಲಿ ಬಳಕೆಯಲ್ಲಿರುವ ಒಂದು ನೀತಿಯ ಪ್ರಕಾರ ಹಣವಂತ, ಓದು ಬಲ್ಲವನು, ಅರಸ, ಹೊಳೆ, ವೈದ್ಯ ಈ ಐದು ಇಲ್ಲದ ಕಡೆ ಒಂದು ದಿನವೂ ನಿಲ್ಲಬಾರದು. ಪರೀಕ್ಷೆಯ ಪತ್ರಿಕೆ ತಿದ್ದುವಂತೆ ಎರಡು ಊರುಗಳಿಗೂ ಇದನ್ನು ಹಚ್ಚಿ ನೋಡಬಹುದು. ಹಣವಂತರು ದಾವಣಗೆರೆಯಲ್ಲಿದ್ದಾರೆ, ವಿದ್ಯಾಸಂಸ್ಥೆಗಳು ಅಲ್ಲಿವೆ, ಅರಸನ ಸ್ಥಾನದಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ಇದೆ, ವೈದ್ಯರಂತೂ ಬೀದಿಗೆ ಹತ್ತು ಮಂದಿ. ಐದರಲ್ಲಿ ನಾಲ್ಕು ಆ ಊರಿಗೆ ಹೋದವು. ಹರಿಹರದ ಪಾಲಿಗೆ ಉಳಿದದ್ದು ಹೊಳೆಯೊಂದೇ.

ಆದರೆ ಇಲ್ಲಿ ಒಂದು ಮಾತಿದೆ. ದಾವಣಗೆರೆ ಕುಡಿಯುವುದೂ ಅದೇ ಹೊಳೆಯ ನೀರನ್ನು. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರೆಗೆ ಜಾಕ್‌ವೆಲ್ ತೋಡಿ, ಯಂತ್ರದಿಂದ ನೀರನ್ನೆತ್ತಿ, ಕೊಳವೆಯಲ್ಲಿ ಊರಿಗೆ ತರುತ್ತಾರೆ. ಅದಲ್ಲದೆ ಭದ್ರಾ ನಾಲೆಯ ನೀರನ್ನು ಕುಂದವಾಡದ ಕೆರೆಯಲ್ಲಿಯೂ ಟಿ.ವಿ. ಸ್ಟೇಷನ್ ಕೆರೆಯಲ್ಲಿಯೂ ತುಂಬಿಟ್ಟುಕೊಳ್ಳುತ್ತಾರೆ. 2011ರ ಜನಗಣತಿಯಲ್ಲಿಯೇ ನಾಲ್ಕೂಕಾಲು ಲಕ್ಷ ಮೀರಿದ್ದ ಊರು. ಹರಿಹರ ಅಂದು ಎಂಬತ್ತು ಸಾವಿರದ ಆಸುಪಾಸು. ಕಾಲುಭಾಗಕ್ಕಿಂತ ಕಡಿಮೆ ಇರುವ ತಮ್ಮನ ಮನೆಯ ಬಾವಿಯಿಂದ ಅಣ್ಣ ನೀರು ಸೇದಿಕೊಳ್ಳುತ್ತಿದ್ದಾನೆ ಎಂದರೆ ಸರಿಹೋದೀತು. ಬೇಸಗೆಯಲ್ಲಿ ಹೊಳೆ ಸಣ್ಣದಾದಾಗ ರಾಜನಹಳ್ಳಿಯಲ್ಲಿ ಮರಳಿನ ಚೀಲಗಳನ್ನು ಅಡ್ಡ ಒಟ್ಟಿ ನೀರು ನಿಲ್ಲಿಸುವುದನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು.

ಹೊಳೆ ಎಂದೊಡನೆ ಸದಾ ತುಂಬಿ ಹರಿಯುವ ನೀರನ್ನು ಕಲ್ಪಿಸಿಕೊಳ್ಳುವವರು ಏಪ್ರಿಲ್ ತಿಂಗಳಲ್ಲಿ ಹರಿಹರಕ್ಕೆ ಬರಬೇಕು. ದಡದಿಂದ ದಡಕ್ಕೆ ಬಂಡೆ ಮತ್ತು ಮರಳು. ನಡುವೆ ಅಲ್ಲಲ್ಲಿ ಹಸಿರು ಪಾಚಿ ಕಟ್ಟಿದ ಮಡು. 2023ರಲ್ಲಿ ಮುಂಗಾರು ಕೈಕೊಟ್ಟ ಮೇಲೆ ಬಂದ 2024ರ ಬೇಸಗೆಯಲ್ಲಿ ಹೊಳೆಯ ಪಾತ್ರದಲ್ಲಿ ಹುಡುಗರು ಚೆಂಡಾಟವಾಡುತ್ತಿದ್ದರು. ಭದ್ರಾ ಜಲಾಶಯದಿಂದ ನೀರು ಬಿಟ್ಟರುಂಟು, ಇಲ್ಲವಾದರೆ ಇಲ್ಲ. ಆಗ ಹೊಳೆಯ ಊರಿಗೂ ಕೆರೆಯ ಊರಿಗೂ ಇರುವ ವ್ಯತ್ಯಾಸವೆಂದರೆ, ಒಂದರಲ್ಲಿ ನೀರಿಲ್ಲದ ಹೊಳೆಯನ್ನು ಕಣ್ಣಾರೆ ನೋಡಬಹುದು.

ಮಳೆಗಾಲದ್ದು ಇನ್ನೊಂದು ವಿಚಿತ್ರ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಇಪ್ಪತ್ತೈದು ಅಂಗುಲದ ಸುತ್ತಮುತ್ತ. ಅದರಿಂದ ಹೊಳೆ ಏರುವುದಿಲ್ಲ. ತುಂಗೆಯೂ ಭದ್ರೆಯೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಕೂಡುವುದು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ. ಭದ್ರೆಗೆ ಲಕ್ಕವಳ್ಳಿಯಲ್ಲಿ ದೊಡ್ಡ ಅಣೆಕಟ್ಟೆ ಇದೆ. ಅದು ತುಂಬುವವರೆಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಗೆಗೆ ಗಾಜನೂರಿನಲ್ಲಿರುವ ಕಟ್ಟೆ ಚಿಕ್ಕದು; ಮುಂಗಾರು ಹಿಡಿದ ಕೆಲವೇ ವಾರಗಳಲ್ಲಿ ಅದು ತುಂಬಿ, ಶೃಂಗೇರಿ ತೀರ್ಥಹಳ್ಳಿಗಳಲ್ಲಿ ಬಿದ್ದ ಮಳೆಯೆಲ್ಲ ಹೊಳೆಗಿಳಿಯುತ್ತದೆ. ಎರಡೂ ತುಂಬಿದ ಮೇಲೆ ಮಳೆ ನಿಲ್ಲದಿದ್ದರೆ ಹರಿಹರದ ಗತಿ ಹೇಳುವಂತಿಲ್ಲ. ನಮ್ಮ ತಲೆಯ ಮೇಲೆ ಬಿಸಿಲು ಕಾಯುತ್ತಿರುತ್ತದೆ, ಅಂಗಳದಲ್ಲಿ ಹಪ್ಪಳ ಒಣಗುತ್ತಿರುತ್ತದೆ. ಹೊಳೆಯಾದರೋ ಗಳಿಗೆಗೊಂದು ಮೆಟ್ಟಲು ಏರುತ್ತಿರುತ್ತದೆ. 2019ರ ಆಗಸ್ಟಿನಲ್ಲಿ ಹೀಗೆಯೇ ಆಯಿತು. ಗಂಗಾನಗರದ ಮನೆಗಳಿಗೆ ನೀರು ಹೊಕ್ಕು, ಜನರನ್ನು ಗಂಜಿ ಕೇಂದ್ರಕ್ಕೆ ಸಾಗಿಸಿದರು. ಈಗ ಅದನ್ನು ಕಾಳಜಿ ಕೇಂದ್ರವೆಂದು ಕರೆಯುತ್ತಾರೆ. ಹೆಸರು ಮೃದುವಾಯಿತು, ಒಳಗೆ ಹಾಸುವ ಜಮಖಾನೆ ಅದೇ.

ಈ ವಿಷಯದಲ್ಲಿ ನಾನು ತಟಸ್ಥನಲ್ಲ ಎಂಬುದನ್ನು ನಿಮಗೆ ಹೇಳಬೇಕು. ನನ್ನ ಹೆಂಡತಿಯ ತವರು ಹರಿಹರ. ಹೊಳೆಗೆ ಇಳಿಯುವ ಓಣಿಯೊಂದರಲ್ಲಿ ಅವರದು ಹಳೆಯ ಮಣ್ಣಿನ ಗೋಡೆಯ ಮನೆ. ಅತ್ತೆಯವರಿಗೆ ಎಂಬತ್ತೆರಡು ವರ್ಷ; ಅಲ್ಲಿ ಒಬ್ಬರೇ ಇದ್ದಾರೆ. ಆ ವರ್ಷದ ಪ್ರವಾಹದಲ್ಲಿ ಪಡಸಾಲೆಯಲ್ಲಿ ಮೊಣಕಾಲಷ್ಟು ನೀರು ನಿಂತು, ಎರಡು ಚೀಲ ಜೋಳ, ಮದುವೆಯ ಕಾಲದ ಪೆಟ್ಟಿಗೆ, ಮಾವನವರ ಪುಸ್ತಕಗಳು ಎಲ್ಲ ಹಾಳಾದವು. ನೀರು ಇಳಿದ ಮೇಲೆ ಹಿತ್ತಲ ಗೋಡೆ ಕುಸಿಯಿತು. ನಾವು ಹೋಗಿ ಅವರನ್ನು ದಾವಣಗೆರೆಗೆ ಕರೆತಂದೆವು. ನಮ್ಮದು ಎರಡನೆಯ ಅಂತಸ್ತಿನ ಬಾಡಿಗೆಯ ಮನೆ. ಪ್ರವಾಹ ಅಲ್ಲಿಗೆ ಬರಬೇಕಾದರೆ ಪ್ರಳಯವೇ ಆಗಬೇಕು. ನಾಲ್ಕು ತಿಂಗಳು ಇದ್ದರು. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಹರಿಹರದಿಂದ ಯಾರು ಬಂದರೂ, ನೆಂಟರಿರಲಿ, ಹಾಲಿನವರಿರಲಿ, "ಹೊಳಿ ಎಷ್ಟೈತಿ?" ಎಂದು ಕೇಳುವುದೊಂದೇ ಮಾತು. ಕಡೆಗೆ ಒಂದು ಬೆಳಗ್ಗೆ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ನನ್ನ ಹೆಂಡತಿ, "ಅವ್ವಾ, ಮತ್ತ ನೀರು ಬಂದ್ರ ಏನ್ ಮಾಡ್ತೀ?" ಎಂದಳು. ಅತ್ತೆಯವರು, "ಹೊಳಿ ನೀರು ಬಂದ್ರ ಎರಡು ದಿನ ಇರ್ತತಿ, ಹೋಗ್ತತಿ. ನಿಮ್ಮೂರಾಗ ನಳದ ನೀರಿಗೆ ಎಂಟು ದಿನ ದಾರಿ ಕಾಯ್ಬೇಕಲ್ಲ" ಎಂದರು. ಅದು ನಮ್ಮ ಬೀದಿಗೆ ವಾರಕ್ಕೊಮ್ಮೆ ನೀರು ಬಿಡುತ್ತಿದ್ದ ಕಾಲ. ಜಲಸಿರಿ ಎಂಬ ಯೋಜನೆಯಲ್ಲಿ ದಿನವಿಡೀ ನೀರು ಕೊಡುವ ಕೆಲಸವನ್ನು ಕೈಗೆತ್ತಿಕೊಂಡರು. ಅಂದು ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ.

ಹೊಳೆಯ ಮೇಲಣ ಈ ಮೋಹ ಪ್ರಾಯದವರಿಗೆ ಹುಚ್ಚೆನಿಸಬಹುದು. "ತುಂಗಾಪಾನ ಗಂಗಾಸ್ನಾನ" ಎಂದು ನಮ್ಮ ಜನ ಹೇಳುತ್ತ ಬಂದಿದ್ದಾರೆ. ಆ ನೀರಿನ ರುಚಿಯನ್ನು ಕೊಂಡಾಡುವವರು ಇಂದಿನ ಸ್ಥಿತಿಯನ್ನೂ ತಿಳಿದಿರಬೇಕು. 1980ರ ದಶಕದಲ್ಲಿ ಆಚೆಯ ದಡದ ಕಾರ್ಖಾನೆಯಿಂದ ಬರುವ ಕೊಳೆನೀರಿನ ವಿರುದ್ಧ ದೊಡ್ಡ ಹೋರಾಟವೇ ನಡೆಯಿತು. ಮೀನುಗಳು ಸತ್ತು ತೇಲಿದ ಸುದ್ದಿ ರಾಜ್ಯವನ್ನೆಲ್ಲ ಮುಟ್ಟಿತು. ಎರಡೂ ದಡಗಳ ಬೆಸ್ತರೂ ರೈತರೂ ಸೇರಿ ದನಿಯೆತ್ತಿದ್ದರಿಂದ ಸ್ವಲ್ಪ ಬಿಗಿ ಬಂದಿತು. ಆದರೆ ಕಾರ್ಖಾನೆಯೊಂದನ್ನೇ ದೂರಿದರೆ ನ್ಯಾಯವಾಗದು. ಊರಿನ ಚರಂಡಿಗಳೂ ಅದೇ ಹೊಳೆಗೆ ಇಳಿಯುತ್ತವೆ. ದೇಶದ ಮಲಿನ ನದೀಭಾಗಗಳ ಪಟ್ಟಿಯಲ್ಲಿ ಹರಿಹರದಿಂದ ಕೆಳಗಣ ತುಂಗಭದ್ರೆಯೂ ಸೇರಿದೆ. ನನ್ನ ಅತ್ತೆಯವರು ಹೊಳೆಯಲ್ಲಿ ಮೀಯುತ್ತಾರೆ, ಅದಕ್ಕೆ ಕುಂಕುಮ ಅರಿಶಿನ ಹಾಕುತ್ತಾರೆ. ಕುಡಿಯುವುದಕ್ಕೆ ಮಾತ್ರ ಶುದ್ಧ ನೀರಿನ ಘಟಕದಿಂದ ಡಬ್ಬಿ ತರಿಸುತ್ತಾರೆ. ಭಕ್ತಿಗೂ ಎಚ್ಚರಕ್ಕೂ ಅವರಲ್ಲಿ ಜಗಳವಿಲ್ಲ.

ಹಾಗಾದರೆ ದಾವಣಗೆರೆಯೇ ಮೇಲಲ್ಲವೇ? ಹಲವು ವಿಷಯಗಳಲ್ಲಿ ಹೌದು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಎರಡನೆಯ ಯೋಚನೆ ಬೇಡ. ಬೆಳಗ್ಗೆ ಎದ್ದು ಬೆಣ್ಣೆದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ಇವುಗಳ ವಿಷಯದಲ್ಲಿ ನಾನು ಊರಿನ ಪಕ್ಷಪಾತಿ. ಮಂಡಕ್ಕಿ ಭಟ್ಟಿಗಳ ಹೊಗೆ ಕುಡಿದೇ ಇಷ್ಟು ವರ್ಷ ಬದುಕಿದ್ದೇನೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಊರಿನ ಜಾತಿ ಮತಗಳೆಲ್ಲ ಬೀದಿಯಲ್ಲಿ ಒಂದಾಗುವುದನ್ನು ನೋಡಿ ಸಂತೋಷಪಟ್ಟಿದ್ದೇನೆ. (ಹರಿಹರವೂ ಇದರಲ್ಲಿ ಹಿಂದಿಲ್ಲ, ಸೆಪ್ಟೆಂಬರ್ 8ರಂದು ಆರೋಗ್ಯಮಾತೆಯ ಉತ್ಸವಕ್ಕೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹುಮಂದಿ.) ಆದರೆ ದಾವಣಗೆರೆಯಲ್ಲಿ ವಯಸ್ಸಾದವನು ಸಂಜೆ ಎಲ್ಲಿಗೆ ಹೋಗಬೇಕು? ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ನಿಂತು ಗಾಡಿಗಳನ್ನು ಎಣಿಸಬೇಕೆ? ಕುಂದವಾಡದ ಕೆರೆಯ ಏರಿಯ ಮೇಲೆ ನಡೆಯಬಹುದು, ನಿಜ; ಅಲ್ಲಿಗೆ ಹೋಗಿ ಬರಲು ಒಂದು ವಾಹನ ಬೇಕು. ಹರಿಹರದಲ್ಲಿ ಓಣಿ ಇಳಿದರೆ ಮುಗಿಯಿತು. ಮೆಟ್ಟಲಿನ ಮೇಲೆ ಕುಳಿತುಕೊಳ್ಳುವುದಕ್ಕೆ ಯಾರೂ ಹಣ ಕೇಳುವುದಿಲ್ಲ, ಏಕೆ ಕುಳಿತಿರಿ ಎಂದೂ ಕೇಳುವುದಿಲ್ಲ. ಚೈತ್ರದ ಬೇಗೆಯಲ್ಲಿ ಸಹ ಸಂಜೆ ಆರರ ಮೇಲೆ ಅಲ್ಲಿ ಒಂದು ತಂಪು ಸುಳಿಯುತ್ತದೆ. ಸೊಳ್ಳೆಯೂ ಅದರ ಜೊತೆಗೇ ಬರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ವೈದ್ಯರ ವಿಷಯಕ್ಕೆ ಬರೋಣ. ನಮ್ಮ ವಯಸ್ಸಿನವರಿಗೆ ಇದೇ ಮುಖ್ಯ. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ, ಅದು ಕಣ್ಣಿಗೂ ಇಳಿದಿದೆ. ತಿಂಗಳಿಗೊಮ್ಮೆ ದಾವಣಗೆರೆಯಲ್ಲಿ ಕಣ್ಣಿನವರನ್ನು ಕಾಣಲೇಬೇಕು. ಇದೊಂದೇ ಕಾರಣದಿಂದ ನಾನು ಬಹಳ ದಿನ ಹರಿಹರದ ಮಾತನ್ನೇ ಎತ್ತಲಿಲ್ಲ. ಆದರೆ ಲೆಕ್ಕ ಹಾಕಿ ನೋಡಿದಾಗ, ದಾವಣಗೆರೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಯ ಆಸ್ಪತ್ರೆಗೆ ಆಟೋದಲ್ಲಿ ಹೋಗುವ ಹೊತ್ತಿನಲ್ಲಿ ಹರಿಹರದಿಂದ ಬಸ್ಸು ಬಾತಿಯ ಗುಡ್ಡ ದಾಟಿ ಊರೊಳಕ್ಕೆ ಬಂದಿರುತ್ತದೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವೂ ಇಲ್ಲ. ತಾನು ಪುಕ್ಕಟೆಯಾಗಿ ಹೋಗಿ ನನ್ನಿಂದ ಹಣ ಕೊಡಿಸುವುದರಲ್ಲಿ ಆಕೆಗೆ ಒಂದು ವಿನೋದ. ಇದು ಹಗಲಿನ ಮಾತು, ಮುಂಚೆಯೇ ಗೊತ್ತಾದ ದಿನದ ಮಾತು. ನಡುರಾತ್ರಿ ಎದೆ ನೋವು ಬಂದರೆ 14 ಕಿಲೋಮೀಟರು ದೂರವೇ. ಹೃದಯದ ರೋಗಿ ಮನೆಯಲ್ಲಿದ್ದವರು ಹೊಳೆಯ ಗಾಳಿಯನ್ನು ನಂಬಿ ಹರಿಹರಕ್ಕೆ ಹೋಗಬಾರದು. ಚಿಗಟೇರಿ ಆಸ್ಪತ್ರೆಯ ಅಥವಾ ಬಾಪೂಜಿ ಆಸ್ಪತ್ರೆಯ ಆಸುಪಾಸಿನಲ್ಲಿ ಮನೆ ಹಿಡಿಯಲಿ. ಇದರಲ್ಲಿ ನನಗೆ ಸಂಶಯವಿಲ್ಲ.

ಹೆಂಡತಿಯ ಅಣ್ಣ ಪುಣೆಯಲ್ಲಿದ್ದಾರೆ. ಹರಿಹರದ ಮನೆಯನ್ನು ಮಾರಿ, ಆ ಹಣಕ್ಕೆ ನಾವೂ ಸ್ವಲ್ಪ ಸೇರಿಸಿ, ದಾವಣಗೆರೆಯ ಹೊರಬಡಾವಣೆಯಲ್ಲಿ ನಿವೇಶನ ಕೊಂಡು ಅವ್ವನನ್ನು ಅಲ್ಲಿಯೇ ಇಟ್ಟುಕೊಳ್ಳೋಣವೆಂಬುದು ಅವರ ಸಲಹೆ. ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ಕೊಳ್ಳುವವರೂ ಬಂದರು. ಅವರು ಬರುವುದೆಲ್ಲ ಮೇ ತಿಂಗಳಲ್ಲಿ, ಹೊಳೆ ಒಣಗಿರುವಾಗ; ಆಗಸ್ಟಿನಲ್ಲಿ ಒಬ್ಬರ ಸುಳಿವೂ ಇರುವುದಿಲ್ಲ. ಬೆಲೆಯ ಮಾತು ಗೋಡೆಯ ಮೇಲಿನ ನೀರಿನ ಗುರುತನ್ನು ನೋಡಿದೊಡನೆ ಅರ್ಧಕ್ಕೆ ಇಳಿಯುತ್ತದೆ. ಆ ಗುರುತನ್ನು ಸುಣ್ಣ ಹೊಡೆದು ಮುಚ್ಚಿ ಎಂದು ದಲ್ಲಾಳಿಯೊಬ್ಬರು ಸೂಚಿಸಿದರು. ಅತ್ತೆಯವರು ಒಪ್ಪಲಿಲ್ಲ. "ಬರೋರಿಗೆ ಗೊತ್ತಾಗ್ಲಿ" ಎಂದರು.

ನೀವು ಇಂಥ ಆಯ್ಕೆಯ ಮುಂದೆ ನಿಂತಿದ್ದರೆ ನಾನು ಹೇಳಬಹುದಾದ್ದು ಇಷ್ಟು. ಹೊಳೆದಂಡೆಯ ಊರನ್ನು ನೋಡಲು ಎರಡು ಬಾರಿ ಹೋಗಿರಿ, ಒಮ್ಮೆ ಬೇಸಗೆಯ ಕೊನೆಯಲ್ಲಿ, ಒಮ್ಮೆ ಶ್ರಾವಣದಲ್ಲಿ. ದಲ್ಲಾಳಿಯನ್ನು ಕೇಳಬೇಡಿ, ಆ ಬೀದಿಯ ಮುದುಕಿಯೊಬ್ಬರನ್ನು ಕೇಳಿ, 2019ರಲ್ಲಿ ನೀರು ಎಲ್ಲಿಗೆ ಬಂದಿತ್ತು ಎಂದು. ಕೈಮಾಡಿ ತೋರಿಸುತ್ತಾರೆ. ಆ ಗುರುತಿಗಿಂತ ಆಳುದ್ದ ಮೇಲಿರುವ ಮನೆಯನ್ನು ಮಾತ್ರ ನೋಡಿ. ಒಳನಾಡಿನ ಊರಿಗೆ ಹೋದರೆ ಮನೆಯ ಬಣ್ಣ ನೋಡುವ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡಿ; ನಳದ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ. ರಾತ್ರಿ ಎರಡು ಗಂಟೆಗೆ ಬಿಡುವ ನೀರಿಗೆ ಎದ್ದು ನಿಲ್ಲುವವರು ಯಾರು, ನೀವೋ ನಿಮ್ಮ ಮನೆಯಾಕೆಯೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡರೆ ಗೃಹಶಾಂತಿಗೆ ಒಳ್ಳೆಯದು. ಇನ್ನು ಮಕ್ಕಳ ಮಾತು. ಅವರು ನೀವಿದ್ದ ಊರಿಗೆ ಬಂದು ನೆಲೆಸುತ್ತಾರೆಂಬ ನಂಬಿಕೆಯ ಮೇಲೆ ದೊಡ್ಡ ಮನೆ ಕಟ್ಟಿಸಬೇಡಿ. ನನ್ನ ಸಹೋದ್ಯೋಗಿಗಳಲ್ಲಿ ಮೂವರು ಹಾಗೆ ಕಟ್ಟಿಸಿ, ಮೇಲಂತಸ್ತಿನಲ್ಲಿ ಕಾಲೇಜಿನ ಹುಡುಗರನ್ನು ಬಾಡಿಗೆಗೆ ಇಟ್ಟುಕೊಂಡಿದ್ದಾರೆ.

ನಮ್ಮ ತೀರ್ಮಾನವನ್ನೂ ಹೇಳಿಬಿಡುತ್ತೇನೆ. ಹೊಳೆಯಿಂದ ಮುಕ್ಕಾಲು ಕಿಲೋಮೀಟರು ಈಚೆಗೆ, ಹರಿಹರದಲ್ಲಿಯೇ, ದಿಣ್ಣೆಯ ಮೇಲೆ ಒಂದು ಬಾಡಿಗೆಯ ಮನೆ ನೋಡಿದ್ದೇವೆ. ನೆಲಮಾಳಿಗೆ, ಎರಡು ಕೋಣೆ, ಅಂಗಳದಲ್ಲಿ ಒಂದು ನುಗ್ಗೆಯ ಮರ. 2019ರ ನೀರು ಅದರ ಹತ್ತಿರಕ್ಕೂ ಬಂದಿರಲಿಲ್ಲವೆಂದು ಎದುರು ಮನೆಯ ಮುದುಕಿ ಕೈಮಾಡಿ ತೋರಿಸಿದ್ದಾರೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದೆ. ಅಲ್ಲಿಯವರೆಗೆ ನಾನೇ ಬಸ್ಸಿನಲ್ಲಿ ದಾವಣಗೆರೆಯ ಶಾಲೆಗೆ ಓಡಾಡುತ್ತೇನೆ. ಹಳೆಯ ಮನೆಯನ್ನು ಮಾರುವ ಮಾತನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಬಿದ್ದ ಗೋಡೆಯನ್ನು ಕಲ್ಲಿನಲ್ಲಿ ಎತ್ತಿಸಿದ್ದಾಗಿದೆ. ಬೇಸಗೆಯಲ್ಲಿ ಅತ್ತೆಯವರು ಅಲ್ಲಿಗೆ ಹೋಗಿ ಇರಬಹುದು, ಜೂನಿನಿಂದ ಅಕ್ಟೋಬರಿನವರೆಗೆ ನಮ್ಮ ಜೊತೆಯಲ್ಲಿ ದಿಣ್ಣೆಯ ಮೇಲೆ. ಇದಕ್ಕೆ ಅವರು ಒಪ್ಪಲು ಒಂದು ವಾರ ತೆಗೆದುಕೊಂಡರು. ಒಪ್ಪಿದ್ದು ಎರಡು ಷರತ್ತುಗಳ ಮೇಲೆ. ದಿನಾ ಬೆಳಗ್ಗೆ ಯಾರಾದರೊಬ್ಬರು ಅವರನ್ನು ಕೈಹಿಡಿದು ಹೊಳೆಯವರೆಗೆ ಕರೆದುಕೊಂಡು ಹೋಗಬೇಕು. ಹಳೆಯ ಮನೆಯ ಬೀಗದ ಕೈ ಅವರ ಸೊಂಟದಲ್ಲಿಯೇ ಇರಬೇಕು.